ಕಾಣಲಿಲ್ಲ ಎಂಬ ಉತ್ತರ

ಅಪಘಾತದ ಜಾಗದಲ್ಲಿ ಕಂಡದ್ದನ್ನು ಪೊಲೀಸರು ದಾಖಲಿಸುವ ಸ್ಥಳ ಮಹಜರಿನ ಎರಡನೆಯ ಪುಟದ ಕೆಳಗಿದ್ದ ರುಜು ನನ್ನದೇ ಎಂದು ನ್ಯಾಯಾಲಯದಲ್ಲಿ ಒಪ್ಪಿಕೊಂಡೆ. ಅದರ ಮೇಲಿದ್ದ ಬರಹದಲ್ಲಿ ನಾನು ಹೇಳಿ ಬರೆಸಿದ ಒಂದು ಸಾಲೂ ಇಲ್ಲವೆಂಬುದನ್ನು, ಆ ರುಜುವನ್ನು ನಾನು ಹಾಕಿದ್ದು ರಸ್ತೆಯ ಬದಿಯಲ್ಲಲ್ಲ, ಅಂದು ಸಂಜೆ ಠಾಣೆಯ ಮೇಜಿನ ಮೇಲೆ ಎಂಬುದನ್ನೂ ಪಾಟೀಸವಾಲಿನಲ್ಲಿ ಒಪ್ಪಿಕೊಳ್ಳಬೇಕಾಯಿತು. ನಾನು ಹೇಳಿದ್ದೆಲ್ಲ ಸತ್ಯ. ಆದರೆ ಆ ಸತ್ಯ ಹೇಳಲು ತೆಗೆದುಕೊಂಡ ನಾಲ್ಕೈದು ನಿಮಿಷಗಳಲ್ಲಿ, ಸೈಕಲ್ ತುಳಿಯುತ್ತಿದ್ದ ಒಬ್ಬ ಮನುಷ್ಯನನ್ನು ಹಿಂದಿನಿಂದ ಬಂದು ಕೊಂದ ಕಾರಿನ ಚಾಲಕನ ಮೇಲಿದ್ದ ಮೊಕದ್ದಮೆ ಅರ್ಧಕ್ಕರ್ಧ ಕುಸಿದುಬಿತ್ತು. ಉಳಿದರ್ಧ ಬೇರೆ ಸಾಕ್ಷಿಗಳ ಕೈಯಲ್ಲಿ ಕುಸಿಯಿತು. ಕೆಲವು ತಿಂಗಳ ನಂತರ ಆರೋಪಿಗೆ ಸಂಶಯದ ಲಾಭ ಕೊಟ್ಟು ಖುಲಾಸೆ ಮಾಡಲಾಯಿತು.

ನಡೆದದ್ದು 2016ರ ಡಿಸೆಂಬರಿನಲ್ಲಿ, ಹಾಸನದ ಹೊರವಲಯದ ಒಂದು ರಸ್ತೆಯಲ್ಲಿ. ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಸತ್ತವರಿಗೆ ಐವತ್ತೆರಡು ವರ್ಷ. ಅರ್ಧ ಎಕರೆ ಆಲೂಗಡ್ಡೆ, ಎರಡು ಹಸು. ಬೆಳಗಿನ ಹಾಲನ್ನು ಕ್ಯಾನಿನಲ್ಲಿ ತುಂಬಿ ಸೈಕಲ್ಲಿನ ಹ್ಯಾಂಡಲ್ಲಿಗೆ ತೂಗುಹಾಕಿಕೊಂಡು ಡೈರಿಗೆ ಹೊರಟಿದ್ದರು. ನಾನು ಮೇಷ್ಟರ ಕೆಲಸದಿಂದ ನಿವೃತ್ತನಾಗಿ ಅದೇ ರಸ್ತೆಯಲ್ಲಿ ದಿನಾ ನಡೆಯುತ್ತಿದ್ದವನು. ಡಿಕ್ಕಿಯಾದದ್ದನ್ನು ನೋಡಲಿಲ್ಲ, ಸದ್ದು ಕೇಳಿ ಓಡಿದೆ. ನಾನು ತಲುಪುವ ಹೊತ್ತಿಗೆ ಅವರು ಮಾತನಾಡುವ ಸ್ಥಿತಿಯಲ್ಲಿರಲಿಲ್ಲ. ಸೈಕಲ್ಲು ಚರಂಡಿಯಲ್ಲಿತ್ತು. ರಸ್ತೆಯಂಚಿನ ಬಿಳಿ ಗೆರೆಯಿಂದ ಎರಡು ಮೂರು ಅಡಿ ಆಚೆಗೆ, ಡಾಂಬರು ಮುಗಿದು ಮಣ್ಣು ಶುರುವಾಗುವ ಕಡೆ, ಚೆಲ್ಲಿದ ಹಾಲು ಒಂದು ಉದ್ದನೆಯ ಪಟ್ಟಿಯಾಗಿ ಬಿದ್ದಿತ್ತು. ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಆದರೂ ಆ ಹಾಲು ದೂರದಿಂದಲೇ ಕಾಣುತ್ತಿತ್ತು.

ಆ ಹಾಲಿನ ವಿಷಯವನ್ನೇ ನಾನು ಇಷ್ಟು ವರ್ಷ ಯೋಚಿಸುತ್ತಿರುವುದು. ಕಾರಿನವನ ಪರ ವಕೀಲರ ವಾದ ಒಂದೇ ಆಗಿತ್ತು: ಸೈಕಲ್ ಸವಾರ ಯಾವ ಸನ್ನೆಯನ್ನೂ ಮಾಡದೆ ಇದ್ದಕ್ಕಿದ್ದಂತೆ ಬಲಕ್ಕೆ ತಿರುಗಿ ರಸ್ತೆಯ ನಡುವೆ ಬಂದ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, 'ಅಡ್ಡ ಬಂದ್ಬುಟ್ಟ ಸಾರ್'. ರಸ್ತೆಯ ನಡುವೆ ಡಿಕ್ಕಿಯಾಗಿದ್ದರೆ ಹಾಲಿನ ಪಟ್ಟಿ ಮಣ್ಣಿನ ಮೇಲೆ ಶುರುವಾಗುವುದು ಹೇಗೆ? ಅವರು ಗೆರೆಯ ಆಚೆಗೇ ಇದ್ದರು, ಕಾರೇ ಅಲ್ಲಿಗೆ ಹೋಗಿತ್ತು ಎಂದು ಹೇಳಬಲ್ಲ ಸಾಕ್ಷಿ ಅದೊಂದೇ. ಮಧ್ಯಾಹ್ನದ ಹೊತ್ತಿಗೆ ನಾಯಿಗಳು ನೆಕ್ಕಿ, ಟಿಪ್ಪರುಗಳ ಧೂಳು ಕವಿದು ಅದು ಹೋಗಿತ್ತು. ಮಹಜರಿನಲ್ಲಿ ಅದರ ಪ್ರಸ್ತಾಪವಿಲ್ಲ. ನಾನು ಕಟಕಟೆಯಲ್ಲಿ ನಿಂತು ಅದನ್ನು ಹೇಳಿದಾಗ ವಕೀಲರು ಬಹಳ ಸೌಜನ್ಯದಿಂದ ಕೇಳಿದರು: 'ಹಾಲಿನ ವಿಷಯ ಮಹಜರಿನಲ್ಲಿ ಇಲ್ಲವಲ್ಲ ಸಾರ್?' ಇಲ್ಲ. 'ಆರು ವರ್ಷದ ಹಿಂದೆ ಪೊಲೀಸರ ಮುಂದೆಯೂ ಹೇಳಿಲ್ಲ, ಇವತ್ತೇ ಮೊದಲ ಸಲ ಹೇಳುತ್ತಿದ್ದೀರಿ?' ಯಾರೂ ಕೇಳಲಿಲ್ಲ. 'ಕೇಳಿದ್ದಕ್ಕೆ ಮಾತ್ರ ಉತ್ತರಿಸಿ.' ಹೌದು, ಇದೇ ಮೊದಲು.

ಹಾಗಾದರೆ ಮಹಜರಿನಲ್ಲಿ ಏನಿತ್ತು? ರಸ್ತೆಯು ಪೂರ್ವ ಪಶ್ಚಿಮವಾಗಿ ಹಾದುಹೋಗಿದೆ, ಡಾಂಬರು ರಸ್ತೆಯಾಗಿದೆ, ಉತ್ತರಕ್ಕೆ ಇಂಥವರ ಜಮೀನು, ದಕ್ಷಿಣಕ್ಕೆ ಸರ್ಕಾರಿ ಚರಂಡಿ ಎಂದಿತ್ತು. ಜಮೀನು ಕ್ರಯಪತ್ರದ ಚೆಕ್ಕುಬಂದಿಯಂತೆ ಓದಿಸಿಕೊಳ್ಳುವ ಆ ಬರಹದಲ್ಲಿ ಟೈರಿನ ಗುರುತು ಎಷ್ಟು ಉದ್ದವಿತ್ತು, ದೇಹಕ್ಕೂ ಸೈಕಲ್ಲಿಗೂ ಎಷ್ಟು ಅಂತರವಿತ್ತು, ಕಾರಿನ ಮುಂಭಾಗದ ಯಾವ ಬದಿ ಜಜ್ಜಿತ್ತು, ಆ ಬೆಳಕಿನಲ್ಲಿ ಎಷ್ಟು ದೂರದವರೆಗೆ ಕಾಣುತ್ತಿತ್ತು ಎಂಬುದು ಒಂದೂ ಇರಲಿಲ್ಲ. ಮೋಟಾರು ವಾಹನ ನಿರೀಕ್ಷಕರ ವರದಿಯಲ್ಲಿ ಕಾರಿನ ಬ್ರೇಕು ಸುಸ್ಥಿತಿಯಲ್ಲಿತ್ತು, ಅಪಘಾತವು ಯಾಂತ್ರಿಕ ದೋಷದಿಂದ ಆದದ್ದಲ್ಲ ಎಂಬ ಒಂದು ವಾಕ್ಯವಿತ್ತು. ಇವೆಲ್ಲಕ್ಕೂ ಮೊದಲು, ದೂರಿನಲ್ಲಿ, ನಮ್ಮ ರಾಜ್ಯದ ಯಾವ ಠಾಣೆಯ ಯಾವ ಅಪಘಾತದ ದೂರನ್ನು ತೆಗೆದರೂ ಸಿಗುವ ಆ ನುಡಿಗಟ್ಟಿತ್ತು: 'ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿಕೊಂಡು ಬಂದು ಡಿಕ್ಕಿ ಹೊಡೆಸಿದ್ದರಿಂದ'.

ಆ ನುಡಿಗಟ್ಟನ್ನು ನಾನು ಮೊದಲು ಆರೋಪವೆಂದು ತಿಳಿದಿದ್ದೆ. ಈಗ ಅದು ಮಂತ್ರದಂತೆ ಕೇಳಿಸುತ್ತದೆ; ಉಚ್ಚರಿಸಿದರೆ ಸಾಕು, ಅರ್ಥ ಯಾರಿಗೂ ಬೇಕಿಲ್ಲ. ಅತಿವೇಗವೆಂದರೆ ಎಷ್ಟು? ಅಜಾಗರೂಕತೆಯೆಂದರೆ ಅವನು ಮಾಡಬೇಕಾಗಿದ್ದ ಯಾವ ಕೆಲಸವನ್ನು ಮಾಡಲಿಲ್ಲ? ಇದು ನನ್ನ ಹುಳುಕಲ್ಲ. ಸುಪ್ರೀಂ ಕೋರ್ಟು 1998ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ, ಕರ್ನಾಟಕ ಸರ್ಕಾರ ಮತ್ತು ಸತೀಶ್ ಎಂಬವರ ನಡುವಿನ ಮೇಲ್ಮನವಿಯಲ್ಲಿ, ಇದನ್ನೇ ಹೇಳಿತು. 1982ರ ನವೆಂಬರಿನಲ್ಲಿ ಹಳ್ಳ ದಾಟುತ್ತಿದ್ದ ಲಾರಿಯೊಂದು ಮಗುಚಿ ಹದಿನೈದು ಜನ ಸತ್ತಿದ್ದರು. ಲಾರಿ ಜೋರಾಗಿ ಬರುತ್ತಿತ್ತು ಎಂದು ಸಾಕ್ಷಿಗಳು ಹೇಳಿದ್ದರು. ಜೋರು ಎನ್ನುವುದು ಸಾಪೇಕ್ಷ ಪದ, ಅದರ ಅರ್ಥವೇನೆಂದು ಸಾಕ್ಷಿಗಳಿಂದ ಹೇಳಿಸುವುದು ಅಭಿಯೋಜನೆಯ ಕೆಲಸವಾಗಿತ್ತು, ಸಾವು ಸಂಭವಿಸಿತೆಂಬ ಮಾತ್ರಕ್ಕೆ ಕ್ರಿಮಿನಲ್ ಅಪರಾಧವನ್ನು ಊಹಿಸಿಕೊಳ್ಳಲಾಗದು ಎಂದು ನ್ಯಾಯಾಲಯ ಖುಲಾಸೆಯನ್ನು ಎತ್ತಿಹಿಡಿಯಿತು. ಹದಿನೈದು ಹೆಣಗಳ ಮುಂದೆ ಈ ತರ್ಕ ಕಠೋರವಾಗಿ ಕಾಣುತ್ತದೆ. ನನಗೂ ಹಾಗೆಯೇ ಕಂಡಿತ್ತು. ಆದರೆ ತೀರ್ಪನ್ನು ಮತ್ತೆ ಮತ್ತೆ ಓದಿದಾಗ ಅದು ತಪ್ಪೆಂದು ಹೇಳುವ ಧೈರ್ಯ ನನಗೆ ಬರುತ್ತಿಲ್ಲ. ಒಬ್ಬನನ್ನು ಜೈಲಿಗೆ ಕಳಿಸುವ ಮುನ್ನ ಅವನು ಏನು ತಪ್ಪು ಮಾಡಿದನೆಂದು ಹೇಳಬೇಕಲ್ಲವೇ? ಆ ತೀರ್ಪು ಬಂದು ಹದಿನೆಂಟು ವರ್ಷಗಳಾದ ಮೇಲೂ ನಮ್ಮ ಮಹಜರು ಬರೆಯುವವರ ಲೇಖನಿಗೆ ಅದು ತಲುಪಿರಲಿಲ್ಲವೆಂಬುದು ಬೇರೆ ಮಾತು.

ಶಿಕ್ಷೆ ಕಡಿಮೆ, ಅದಕ್ಕೇ ಹೀಗಾಗುತ್ತದೆ ಎಂದು ಬಹಳ ಜನ ಹೇಳುತ್ತಾರೆ. ಹಳೆಯ ದಂಡ ಸಂಹಿತೆಯಲ್ಲಿ 304ಎ ಕಲಂ ಇತ್ತು; 1860ರ ಮೂಲ ಸಂಹಿತೆಯಲ್ಲಿ ಇಲ್ಲದಿದ್ದ ಇದನ್ನು 1870ರಲ್ಲಿ, ಅಂದರೆ ನಮ್ಮ ರಸ್ತೆಗಳು ಎತ್ತಿನ ಗಾಡಿ, ಜಟಕಾ ಬಿಟ್ಟು ಬೇರೇನನ್ನೂ ಕಾಣದಿದ್ದ ಕಾಲದಲ್ಲಿ ಸೇರಿಸಲಾಯಿತು. ದುಡುಕು ಅಥವಾ ನಿರ್ಲಕ್ಷ್ಯದಿಂದ ಸಾವು ತಂದರೆ ಹೆಚ್ಚೆಂದರೆ ಎರಡು ವರ್ಷ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಮೋಟಾರು ಬಂದ ಮೇಲೂ ಒಂದು ಶತಮಾನಕ್ಕಿಂತ ಹೆಚ್ಚು ಕಾಲ ಅದೇ ಎರಡು ವರ್ಷ ಉಳಿಯಿತು. ಕುಡಿದು, ಜನರ ಮೇಲೆ ಹಾಯಿಸುವ ಅಪಾಯ ಗೊತ್ತಿದ್ದೂ ಓಡಿಸಿದ ಪ್ರಕರಣಗಳಲ್ಲಿ ಮಾತ್ರ ನ್ಯಾಯಾಲಯಗಳು ಕೊಲೆಯಲ್ಲದ ನರಹತ್ಯೆಯನ್ನು ಹೇಳುವ 304ರ ಎರಡನೆಯ ಭಾಗಕ್ಕೆ ಹೋದವು. ಮುಂಬಯಿಯ ಕಾರ್ಟರ್ ರಸ್ತೆಯಲ್ಲಿ 2006ರಲ್ಲಿ ಮಲಗಿದ್ದ ಏಳು ಕೂಲಿಕಾರರು ಸತ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2012ರಲ್ಲಿ ಎತ್ತಿಹಿಡಿದದ್ದು ಮೂರು ವರ್ಷದ ಸಜೆಯನ್ನು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106(1) ಕಲಂ ಎರಡನ್ನು ಐದು ವರ್ಷ ಮಾಡಿದೆ, ದಂಡವನ್ನೂ ಸೇರಿಸಿದೆ. ಅಪರಾಧ ಈಗಲೂ ಜಾಮೀನಿಗೆ ಅರ್ಹವಾದದ್ದೇ.

ಐದಾದರೇನು, ಹತ್ತಾದರೇನು? ನಾನು ರುಜು ಹಾಕಿದ ಮಹಜರಿಗೆ ಈ ಹೆಚ್ಚಳ ಒಂದು ಅಕ್ಷರವನ್ನೂ ಸೇರಿಸುತ್ತಿರಲಿಲ್ಲ. ತನಿಖೆ, ವಿಚಾರಣೆಯ ಕ್ರಮವನ್ನು ಹೇಳುವ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 176(3) ಕಲಂ ವಿಧಿವಿಜ್ಞಾನದ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕು, ಅದರ ವಿಡಿಯೋ ಆಗಬೇಕು ಎನ್ನುತ್ತದೆ. ಓದಿದಾಗ ನನಗೆ ಒಂದು ಕ್ಷಣ ಸಮಾಧಾನವಾಯಿತು. ಆಮೇಲೆ ನೋಡಿದರೆ, ಅದು ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯಿರುವ ಅಪರಾಧಗಳಿಗೆ ಮಾತ್ರ ಕಡ್ಡಾಯ. ಸೈಕಲ್ ಸವಾರನ ಸಾವು ಐದು ವರ್ಷದ್ದು. ಡಿಕ್ಕಿ ಹೊಡೆದು ತಿಳಿಸದೆ ಓಡಿಹೋದವನಿಗೆ ಹತ್ತು ವರ್ಷದವರೆಗೆ ಶಿಕ್ಷೆ ಹೇಳುವ ನ್ಯಾಯ ಸಂಹಿತೆಯ 106(2) ಕಲಂ ಜಾರಿಯಲ್ಲಿ ಇದ್ದಿದ್ದರೆ ಆ ಮಿತಿಯನ್ನು ದಾಟುತ್ತಿತ್ತು. ಆದರೆ 2024ರ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ಹೂಡಿದ ಮೇಲೆ ಅದೊಂದನ್ನು ತಡೆಹಿಡಿದು ಉಳಿದ ಸಂಹಿತೆಯನ್ನು ಜಾರಿಗೆ ತಂದರು. ಚಾಲಕರ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಶಿರಾಡಿ ಘಾಟಿಯಲ್ಲಿ ಲಾರಿ ನಿಲ್ಲಿಸಿದರೆ ಜನ ಕೈಗೆ ಸಿಕ್ಕಿದ್ದರಲ್ಲಿ ಹೊಡೆಯುತ್ತಾರೆಂಬುದು ಅವರ ಅನುಭವದ ಮಾತು. ನಮ್ಮ ಕಾರಿನವನು ಓಡಿರಲಿಲ್ಲ. ಅದನ್ನು ಅವನ ಪರವಾಗಿ ಹೇಳಲೇಬೇಕು.

ಅವನಿಗೆ ಆಗ ಇಪ್ಪತ್ತಾರೋ ಇಪ್ಪತ್ತೇಳೋ. ಸಕಲೇಶಪುರದ ಕಡೆ ರಾತ್ರಿ ಕಳೆದು ಗೆಳೆಯರೊಂದಿಗೆ ಬೆಂಗಳೂರಿಗೆ ವಾಪಸಾಗುತ್ತಿದ್ದ. ಕುಡಿದಿರಲಿಲ್ಲ ಎಂದು ವೈದ್ಯರ ವರದಿ ಹೇಳಿತು. ಸಾಕ್ಷಿ ಹೇಳಲು ಹೋದ ದಿನ ನ್ಯಾಯಾಲಯದ ಮೊಗಸಾಲೆಯಲ್ಲಿ ಅವನೂ ನಾನೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಎರಡು ಗಂಟೆ ಕುಳಿತಿದ್ದೆವು. ಅವನೇ ಮಾತು ತೆಗೆದ: 'ಕಾಣಲಿಲ್ಲ ಸಾರ್. ನಿಜವಾಗಲೂ ಕಾಣಲಿಲ್ಲ.' ನಾನು ಅವನನ್ನು ನಂಬಿದೆ, ಈಗಲೂ ನಂಬುತ್ತೇನೆ. ನನ್ನ ತಕರಾರು ಇರುವುದೇ ಅಲ್ಲಿ. ಮಂಜಿನಲ್ಲಿ ಮುಂದಿರುವುದು ಕಾಣದಿದ್ದರೆ, ಕಾಣುವಷ್ಟು ವೇಗಕ್ಕೆ ಇಳಿಯುವುದು ಯಾರ ಕೆಲಸ? ಕಾಣಲಿಲ್ಲ ಎಂಬುದು ನಮ್ಮಲ್ಲಿ ಪ್ರಶ್ನೆಯನ್ನು ಮುಗಿಸುವ ಉತ್ತರವಾಗಿದೆ. ಪ್ರಶ್ನೆ ಶುರುವಾಗಬೇಕಾದದ್ದು ಆ ಮಾತಿನಿಂದ.

ಕೆಲವು ದೇಶಗಳ ಕಾನೂನು ಅಲ್ಲಿಂದಲೇ ಶುರುವಾಗುತ್ತದೆ. ನೆದರ್‌ಲ್ಯಾಂಡಿನ ರಸ್ತೆ ಸಂಚಾರ ಕಾಯ್ದೆಯ 185ನೆಯ ಕಲಮಿನ ಪ್ರಕಾರ ಮೋಟಾರು ವಾಹನ ಸೈಕಲ್ಲಿಗೋ ಪಾದಚಾರಿಗೋ ಡಿಕ್ಕಿ ಹೊಡೆದರೆ ನಷ್ಟದ ಹೊಣೆ ವಾಹನದ ಕಡೆಯವರದ್ದೇ, ತಡೆಯಲು ಸಾಧ್ಯವೇ ಇರಲಿಲ್ಲವೆಂದು ಅವರು ತೋರಿಸುವವರೆಗೆ. ಸೈಕಲ್ ಸವಾರನ ತಪ್ಪಿದ್ದರೂ ವಯಸ್ಕನಿಗೆ ಕನಿಷ್ಠ ಅರ್ಧ, ಹದಿನಾಲ್ಕರ ಒಳಗಿನ ಮಗುವಿಗೆ ಪೂರ್ತಿ ಪರಿಹಾರ ಸಿಗಬೇಕೆಂದು ಅಲ್ಲಿನ ನ್ಯಾಯಾಲಯಗಳು ತೀರ್ಮಾನಿಸಿವೆ. ಫ್ರಾನ್ಸಿನಲ್ಲಿ 1985ರಿಂದ ಇದಕ್ಕೆ ಹತ್ತಿರದ ಕಾನೂನಿದೆ. ಇವೆಲ್ಲ ಹಣದ ಹೊಣೆಗೆ ಸಂಬಂಧಿಸಿದವು, ಜೈಲಿಗಲ್ಲ. ಹಾಗಾಗಿ ಇವನ್ನು ತೋರಿಸಿ ಅಲ್ಲಿ ಚಾಲಕರನ್ನು ಸುಮ್ಮನೆ ಒಳಗೆ ಹಾಕುತ್ತಾರೆಂದು ವಾದಿಸುವುದು ತಪ್ಪಾಗುತ್ತದೆ. ಆದರೆ ಟನ್ನುಗಟ್ಟಲೆ ಕಬ್ಬಿಣವನ್ನು ರಸ್ತೆಗಿಳಿಸಿದವನು ಮೊದಲು ಬಾಯಿ ಬಿಡಬೇಕು ಎಂಬ ಕ್ರಮ ಅದರಲ್ಲಿದೆ. ನಮ್ಮಲ್ಲಿ ಮೊದಲು ಬಾಯಿ ಬಿಡಬೇಕಾದವನು ಸತ್ತಿರುತ್ತಾನೆ.

ಹಣದ ವಿಷಯಕ್ಕೆ ಬಂದರೆ ನಮ್ಮ ವ್ಯವಸ್ಥೆಯೂ ಅಷ್ಟೇನೂ ನಿರ್ದಯಿಯಲ್ಲ. ಅದೇ ಆವರಣದ ಮೋಟಾರು ಅಪಘಾತ ಪರಿಹಾರ ನ್ಯಾಯಾಧಿಕರಣದಲ್ಲಿ ಮನೆಯವರು ಹಾಕಿದ ಅರ್ಜಿ ಕ್ರಿಮಿನಲ್ ಮೊಕದ್ದಮೆಗಿಂತ ಮೂರು ವರ್ಷ ಮೊದಲೇ ಇತ್ಯರ್ಥವಾಗಿತ್ತು. ಸೈಕಲ್ಲಿಗೆ ಹಿಂದೆ ಪ್ರತಿಫಲಕ ಇರಲಿಲ್ಲವೆಂದು ವಿಮಾ ಕಂಪನಿ ವಾದಿಸಿತು, ನ್ಯಾಯಾಧಿಕರಣ ಒಪ್ಪಲಿಲ್ಲ. ಅಲ್ಲಿ ಲೆಕ್ಕ ಹಾಕುವ ಕ್ರಮವನ್ನು ಸುಪ್ರೀಂ ಕೋರ್ಟು 2009ರ ಸರಳಾ ವರ್ಮ ಪ್ರಕರಣದಲ್ಲೂ 2017ರ ಪ್ರಣಯ್ ಸೇಠಿ ಪ್ರಕರಣದಲ್ಲೂ ಹಾಕಿಕೊಟ್ಟಿದೆ. ಐವತ್ತೆರಡರ ವಯಸ್ಸಿಗೆ ಗುಣಕ 11. ತಿಂಗಳಿಗೆ 10,000 ರೂಪಾಯಿ ದುಡಿಯುತ್ತಿದ್ದರೆಂದು ಇಟ್ಟುಕೊಂಡರೆ ವರ್ಷಕ್ಕೆ 1,20,000, ಮುಂದಿನ ಏರಿಕೆಗೆಂದು ಶೇ. 10 ಸೇರಿಸಿ 1,32,000, ಸತ್ತವರು ತಮಗೆಂದು ಖರ್ಚು ಮಾಡುತ್ತಿದ್ದ ಮೂರನೆಯ ಒಂದು ಪಾಲು ಕಳೆದು 88,000, ಹನ್ನೊಂದರಿಂದ ಗುಣಿಸಿದರೆ 9,68,000. ಅಂತ್ಯಕ್ರಿಯೆಗೆ 15,000, ಇನ್ನು ಕೆಲವು ಚಿಲ್ಲರೆ ಬಾಬತ್ತು. ಮನುಷ್ಯನ ಬೆಲೆಯನ್ನು ಹೀಗೆ ಕಟ್ಟುವುದನ್ನು ನೋಡಿ ಮುಖ ಸಿಂಡರಿಸುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ, ಆ ಹಣದಲ್ಲಿ ಅವರ ಮಗಳ ಮದುವೆಯಾಯಿತು, ಮಗ ಐಟಿಐ ಮುಗಿಸಿದ. ಗುದ್ದಿದ ವಾಹನ ಯಾವುದೆಂದೇ ಗೊತ್ತಾಗದಿದ್ದರೆ ಸಿಗುತ್ತಿದ್ದದ್ದು ಆಗಿನ ಲೆಕ್ಕದಲ್ಲಿ 25,000; ಅದು 2 ಲಕ್ಷವಾದದ್ದು 2022ರ ಏಪ್ರಿಲ್‌ನಿಂದ.

ಆದರೆ ಪರಿಣಾಮ ಏನಾಯಿತೆಂದು ನೋಡಿ. ನ್ಯಾಯಾಧಿಕರಣ ಚಾಲಕನ ನಿರ್ಲಕ್ಷ್ಯದಿಂದಲೇ ಸಾವಾಯಿತೆಂದು ಹೇಳಿತು, ಏಕೆಂದರೆ ಅಲ್ಲಿ ಸಂಭವನೀಯತೆಯ ತೂಕ ಸಾಕು. ಮ್ಯಾಜಿಸ್ಟ್ರೇಟರು ಅದು ರುಜುವಾತಾಗಿಲ್ಲವೆಂದರು, ಏಕೆಂದರೆ ಇಲ್ಲಿ ಸಂಶಯಕ್ಕೆ ಎಡೆ ಇರಬಾರದು. ಎರಡೂ ಕಾನೂನಿನ ಪ್ರಕಾರ ಸರಿ. ನಿರ್ಲಕ್ಷ್ಯವೆಂದು ಹೇಳಿದ ಕಡೆ ಹಣ ಕೊಟ್ಟದ್ದು ವಿಮಾ ಕಂಪನಿ. ಚಾಲಕ ಅಲ್ಲಿಗೆ ಒಂದು ದಿನವೂ ಬರಲಿಲ್ಲ. ಅವನು ಬಂದ ಕಡೆ ನಿರ್ಲಕ್ಷ್ಯವೇ ಇರಲಿಲ್ಲ. ಆ ಸಾವಿಗೆ ಬೆಲೆ ಸಂದಿತು, ಉತ್ತರ ಹೇಳಿದವರು ಯಾರೂ ಇಲ್ಲ. ಅವನ ಚಾಲನಾ ಪರವಾನಗಿಗೆ ಏನೂ ಆಗಲಿಲ್ಲ. ಮೋಟಾರು ವಾಹನ ಕಾಯ್ದೆಯ 21ನೆಯ ಕಲಂ ಸಾವಿನ ಪ್ರಕರಣ ದಾಖಲಾದ ಕೂಡಲೇ ಪರವಾನಗಿಯನ್ನು ಆರು ತಿಂಗಳು ಅಮಾನತಿನಲ್ಲಿಡುತ್ತದೆ, ಆದರೆ ಆ ಚಾಲಕ ಅಪಾಯಕಾರಿ ಚಾಲನೆಗಾಗಿ ಹಿಂದೆಯೇ ಒಮ್ಮೆ ಶಿಕ್ಷೆಯಾದವನಾಗಿದ್ದರೆ ಮಾತ್ರ. 19ನೆಯ ಕಲಂ ಆರ್‌ಟಿಒ ಅಧಿಕಾರಿಗೆ ವಿಶಾಲವಾದ ಅಧಿಕಾರ ಕೊಟ್ಟಿದೆ. ಅದನ್ನು ಬಳಸಬೇಕೆಂದು ಯಾರಿಗೂ ಅನಿಸಲಿಲ್ಲ. ನನ್ನನ್ನು ಕೇಳಿದರೆ, ಜೈಲಿಗಿಂತ ಮೊದಲು ಆಗಬೇಕಾದದ್ದು ಇದು. ಆ ಹುಡುಗ ಜೈಲಿನಲ್ಲಿ ಎರಡು ವರ್ಷ ಕೊಳೆಯಬೇಕೆಂದು ನಾನು ಬಯಸಲಿಲ್ಲ. ಒಬ್ಬರನ್ನು ಕೊಂದ ಮೇಲೆ ಆ ವಾರವೇ ಮತ್ತೆ ಸ್ಟಿಯರಿಂಗ್ ಹಿಡಿಯುವುದು ಅವನ ಹಕ್ಕೇ ಎಂಬುದನ್ನು ಯಾರಾದರೂ ಒಂದು ಕೋಣೆಯಲ್ಲಿ ಕೂರಿಸಿ ಕೇಳಬೇಕಾಗಿತ್ತು.

ನಮ್ಮ ಭಾಷೆಯೂ ಇದರಲ್ಲಿ ಸ್ವಲ್ಪ ತಪ್ಪಿತಸ್ಥ. ಮರುದಿನದ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬಂದದ್ದು ನಾಲ್ಕು ಸಾಲು: ಕಾರು ಡಿಕ್ಕಿ, ಸೈಕಲ್ ಸವಾರ ಸಾವು. ಕಾರು ತಾನಾಗಿಯೇ ಬಂದು ಗುದ್ದಿ ಹೋಯಿತೇನೋ ಎಂಬಂತೆ. ವರದಿಗಾರ ಸ್ವಲ್ಪ ಉತ್ಸಾಹಿಯಾಗಿದ್ದರೆ ಜವರಾಯನಂತೆ ಬಂದ ಲಾರಿ ಎನ್ನುತ್ತಾನೆ. ಯಮನ ಮೇಲೆ ಯಾವ ಠಾಣೆಯಲ್ಲಿ ದೂರು ಕೊಡುವುದು? 2025ರ ಸೆಪ್ಟೆಂಬರಿನಲ್ಲಿ ನಮ್ಮದೇ ಜಿಲ್ಲೆಯ ಮೊಸಳೆಹೊಸಹಳ್ಳಿಯಲ್ಲಿ ಗಣೇಶನ ಮೆರವಣಿಗೆಯ ಮೇಲೆ ಲಾರಿ ಹರಿದಾಗ ಇಡೀ ರಾಜ್ಯ ಚಾಲಕನ ಬಗ್ಗೆ, ರಸ್ತೆಯ ಬಗ್ಗೆ, ಬಂದೋಬಸ್ತಿನ ಬಗ್ಗೆ ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಕೇಳಿತು. ಒಬ್ಬೊಬ್ಬರಾಗಿ ಸಾಯುವವರಿಗೆ ಆ ಭಾಗ್ಯವಿಲ್ಲ. ದೇಶದಲ್ಲಿ 2022ರಲ್ಲಿ ರಸ್ತೆಯಲ್ಲಿ ಸತ್ತವರು 1,68,491 ಜನ. ಅವರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಸೈಕಲ್ ಸವಾರರು, ಬಹುತೇಕ ಒಬ್ಬೊಬ್ಬರೇ, ಒಂದೊಂದು ರಸ್ತೆಯ ಅಂಚಿನಲ್ಲಿ.

ಸೈಕಲ್ಲು ಈ ಜಿಲ್ಲೆಯಲ್ಲಿ ಹವ್ಯಾಸಿಗಳ ವಸ್ತುವಲ್ಲ. ಚಿಕ್ಕಮಗಳೂರಿನಲ್ಲಿ ಭಾನುವಾರ ಕೈಮರದಿಂದ ಮುಳ್ಳಯ್ಯನಗಿರಿಗೆ ಹೆಲ್ಮೆಟ್ ಹಾಕಿ ಏರುವವರನ್ನು ಕಂಡಿದ್ದೇನೆ, ಅವರ ಜೀವವೂ ಜೀವವೇ. ಆದರೆ ಇಲ್ಲಿ ಸೈಕಲ್ ತುಳಿಯುವವರು ಹಾಲಿನವರು, ತರಕಾರಿಯವರು, ಗಾರೆ ಕೆಲಸದವರು ಮತ್ತು ಮಕ್ಕಳು. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದಾಗ ನಾನು ಇನ್ನೂ ಶಾಲೆಯಲ್ಲಿದ್ದೆ. ಮೂರು ನಾಲ್ಕು ಕಿಲೋಮೀಟರು ನಡೆಯಬೇಕೆಂದು ಏಳಕ್ಕೇ ಓದು ಬಿಡುತ್ತಿದ್ದ ಹೆಣ್ಣುಮಕ್ಕಳು ಹೈಸ್ಕೂಲಿಗೆ ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ, ಆ ಯೋಜನೆಯನ್ನು ಈಗಲೂ ಹೊಗಳುತ್ತೇನೆ. ಸೈಕಲ್ ಹಂಚಿದ ಸರ್ಕಾರ ಅದನ್ನು ತುಳಿಯಲು ಹೆದ್ದಾರಿಯ ಬದಿಯಲ್ಲಿ ಮೂರಡಿ ಜಾಗವನ್ನು ಮಾತ್ರ ಹಂಚಲಿಲ್ಲ. ಆ ಮಕ್ಕಳಿಗೆ ಎಡಗಡೆ ಹೋಗಿ, ಹುಷಾರಾಗಿ ಹೋಗಿ ಎಂದು ದಿನವೂ ಹೇಳುತ್ತಿದ್ದವನು ನಾನೇ. ಈಗ ಯೋಚಿಸಿದರೆ, ಹುಷಾರಾಗಿರುವ ಹೊಣೆಯನ್ನೆಲ್ಲ ಹದಿಮೂರು ವರ್ಷದವರ ಮೇಲೆ ಹೊರಿಸುವುದನ್ನು ನಾನೂ ಅಷ್ಟೇ ಸಹಜವಾಗಿ ಕಲಿತಿದ್ದೆ.

ಈಚೆಗೆ ಕೆಲವು ಸಂಗತಿಗಳು ಬದಲಾಗಿವೆ. 2022ರ ಏಪ್ರಿಲ್‌ನಿಂದ ಬಂದ ನಿಯಮಗಳ ಪ್ರಕಾರ ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನೂ 90 ದಿನಗಳಲ್ಲಿ ವಿವರವಾದ ವರದಿಯನ್ನೂ ನ್ಯಾಯಾಧಿಕರಣಕ್ಕೆ ಕೊಡಬೇಕು. ಅದರಲ್ಲಿ ಸ್ಥಳದ ನಕ್ಷೆ, ಫೋಟೋಗಳು ಇರಬೇಕು. ಆದರೆ ಅದೂ ಪರಿಹಾರದ ದಾರಿಗೆ ಹಾಕಿದ ಬೆಳಕು. ನಾನು ನಿಂತ ಕಟಕಟೆಗೆ ಬರುವ ಹೊತ್ತಿಗೆ ಅದು ಎಷ್ಟು ಉಳಿದಿರುತ್ತದೆಂಬುದು, ಅಂದು ಬೆಳಿಗ್ಗೆ ಟೇಪು ಹಿಡಿದ ಕಾನ್‌ಸ್ಟೆಬಲ್ಲಿಗೆ ಎಷ್ಟು ಸಮಯವಿತ್ತು, ಹಿಂದೆ ಎಷ್ಟು ವಾಹನಗಳು ಹಾರ್ನ್ ಹೊಡೆಯುತ್ತಿದ್ದವು ಎಂಬುದರ ಮೇಲೆ ನಿಂತಿದೆ. ಅವರನ್ನು ದೂರುವ ಮುಖ ನನಗಿಲ್ಲ. ಹಾಲು ನನ್ನ ಕಾಲ ಬುಡದಲ್ಲಿತ್ತು, ಜೇಬಿನಲ್ಲಿ ಕ್ಯಾಮೆರಾ ಇದ್ದ ಫೋನು ಇತ್ತು. ಮಹಜರನ್ನು ಓದದೆ ರುಜು ಹಾಕಿದ್ದೂ ನಾನೇ.

ಖುಲಾಸೆಯ ಆದೇಶದ ಪ್ರತಿಯನ್ನು ಸತ್ತವರ ಮಗನೇ ತಂದು ತೋರಿಸಿದ. ಸತ್ತವರ ಕಡೆಯವರು ಖುಲಾಸೆಯ ವಿರುದ್ಧ ತಾವೇ ಮೇಲ್ಮನವಿ ಹಾಕಬಹುದೆಂದು, 2009ರ ಕೊನೆಯ ದಿನದಿಂದ ಕಾನೂನು ಆ ಹಕ್ಕು ಕೊಟ್ಟಿದೆಯೆಂದು ಹೇಳಿದೆ. ಅವನು ಕೇಳಿಸಿಕೊಂಡ. ಮೇಲಿನ ಕೋರ್ಟಿನಲ್ಲೂ ಇದೇ ಕಾಗದಗಳನ್ನೇ ಓದುತ್ತಾರೆಯೇ ಎಂದು ಕೇಳಿದ. ಇವನ್ನೇ ಎಂದೆ. ಹಾಗಾದರೆ ಬೇಡ ಸಾರ್ ಎಂದ.

ಆದೇಶದ ಕೊನೆಯ ಸಾಲು ಮುದ್ದೆಮಾಲಿನ ಬಗ್ಗೆ. ಕಾರನ್ನು ಅಪಘಾತವಾದ ಮೂರನೆಯ ದಿನವೇ ಮಾಲೀಕರ ವಶಕ್ಕೆ ಬಿಟ್ಟಿದ್ದರಿಂದ ಅದರ ಬಗ್ಗೆ ಹೊಸದಾಗಿ ಆದೇಶವಿರಲಿಲ್ಲ. ಸೈಕಲ್ಲು ಆರು ವರ್ಷಕ್ಕೂ ಹೆಚ್ಚು ಕಾಲ ಠಾಣೆಯ ಹಿಂಭಾಗದಲ್ಲಿ ಬಿದ್ದಿತ್ತು. ಜಖಂಗೊಂಡಿರುವ ಸದರಿ ಸೈಕಲ್ಲು ನಿರುಪಯುಕ್ತವಾಗಿರುವುದರಿಂದ ಮೇಲ್ಮನವಿಯ ಅವಧಿ ಮುಗಿದ ನಂತರ ಅದನ್ನು ನಾಶಪಡಿಸತಕ್ಕದ್ದು ಎಂದು ಬರೆದಿತ್ತು.